ಬಳೆ ತಿರುಗಿಸಿ ನೋಡಿರಿ

ನನ್ನದು ಹಿಟ್ಟಿನ ಗಿರಣಿ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಮುಂದೆ ಗಿರಣಿ, ಹಿಂದೆ ಮನೆ. ಶಾಲೆ ಕಲಿತದ್ದು ಮೂರನೆಯ ಇಯತ್ತೆಯವರೆಗೆ ಮಾತ್ರ. ದೆವ್ವ, ಭೂತ, ಶಕುನ ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಒಮ್ಮೆ ಗಿರಣಿಯೊಳಗೆ ಹೆಣ್ಣುಮಗಳೊಬ್ಬಳು ಅತ್ತಂತೆ ಸಪ್ಪಳ ಬರುತ್ತದೆ ಎಂದು ಓಣಿಯ ಮಂದಿ ಹೆದರಿದ್ದರು. ನಾನು ಬೇರಿಂಗಿಗೆ ಗ್ರೀಸ್ ಹಾಕಿದೆ, ಅಳು ನಿಂತಿತು. ಅವತ್ತಿನಿಂದ ಜಗತ್ತಿನ ಎಲ್ಲ ದೆವ್ವಗಳಿಗೂ ಗ್ರೀಸೇ ಔಷಧ ಎಂದು ತಿಳಿದುಕೊಂಡಿದ್ದೆ. ಹಾಗೆ ತಿಳಿದವನೇ ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಆದರೆ ನನ್ನ ಮೊಮ್ಮಗಳು ಗೌರಿ ಶಾಲೆಗೆ ಸೂಟಿ ಬಿಟ್ಟಿದ್ದಕ್ಕೆ ಬಂದಿದ್ದಾಳೆ, ಹೊರಗೆ ಅಂಗಳದಲ್ಲಿ ಕುಂಟಬಿಲ್ಲೆ ಆಡುತ್ತಿದ್ದಾಳೆ. ಅವಳನ್ನು ನೋಡಿದಾಗಲೆಲ್ಲ ನನಗೆ ಸಂತೋಷ ಗಂಟಲಿನವರೆಗೆ ತುಂಬಿ ಬರುತ್ತದೆ. ಅದನ್ನು ಯಾರಿಗಾದರೂ ಹೇಳದೆ ಇರಲು ಆಗುವುದಿಲ್ಲ, ನೋಡಿ.

ಗೌರಿ ಹುಟ್ಟುವ ಮೊದಲಿನ ಮಾತು ಇದು. ನನ್ನ ಹೆಂಡತಿ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಒಬ್ಬಳೇ ಮಗಳು ಸವಿತಾಳನ್ನು ಗದಗಿಗೆ ಕೊಟ್ಟಿದ್ದೆ. ಅಳಿಯ ಬಸವರಾಜನದು ಅಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಕಡೆಯ ರೂಢಿ. ಮಗಳನ್ನು ಕರೆದುಕೊಂಡು ಬರಲು ಹೋದಾಗ ಬೀಗತಿ, ಅಂದರೆ ಬಸವರಾಜನ ತಾಯಿ, ಸಮಾಧಾನದಿಂದಲೇ ಕೇಳಿದರು.

"ತಪ್ಪು ತಿಳೀಬ್ಯಾಡ್ರಿ ಅಣ್ಣಾರ. ತಾಯಿ ಇಲ್ಲದ ಮನ್ಯಾಗ ಬಾಣಂತನ ಹೆಂಗ್ ಆಗ್ತೈತ್ರಿ? ಇಲ್ಲೇ ಇರಲಿ ಬಿಡ್ರಿ."

ಆ ಮಾತು ಎದೆಗೆ ಚುಚ್ಚಿತು. "ತಾಯಿ ಇಲ್ಲ ಖರೇರಿ, ತವರು ಐತೆಲ್ರಿ," ಅಂದೆ. "ಹಿಟ್ಟು ಬೀಸಾಂವಗ ಉಂಡಿ ಕಟ್ಟಾಕ ಬರೂದಿಲ್ಲೇನ್ರಿ?"

ಅಂದದ್ದೇನೋ ಅಂದೆ. ಬಸ್ಸಿನಲ್ಲಿ ಮಗಳ ಪಕ್ಕ ಕೂತು ಬರುವಾಗ ಬೆವೆತು ಹೋದೆ. ಹೆಂಡತಿ ಹೋದಮೇಲೆ ನಾನು ಖಾನಾವಳಿಯಲ್ಲಿ ಉಂಡವನು. ನನಗೆ ಒಂದು ಸಾರು ಮಾಡಲಿಕ್ಕೂ ಬರುತ್ತಿರಲಿಲ್ಲ.

ನನ್ನ ಕಷ್ಟಕ್ಕೆ ದಾರಿ ತೋರಿಸಿದವಳು ಸವಿತಾನೇ. ಬಸವರಾಜ ಒಂದು ಹಳೆಯ ಕಂಪ್ಯೂಟರನ್ನು ರಿಪೇರಿ ಮಾಡಿ ಹಿಂದಿನ ಕೋಣೆಯಲ್ಲಿ ತಂದಿಟ್ಟಿದ್ದ. ಅದರಲ್ಲಿ ಸವಿತಾ ಧಾರವಾಡದ ಒಬ್ಬ ಹೆಣ್ಣುಮಗಳ ಬ್ಲಾಗ್ ತೋರಿಸಿದಳು. ಹೆಸರು 'ಒಲೆಯ ಮುಂದೆ'. ಬರೆಯುವವರು ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅವರನ್ನು ನಾನು ಆಗಿನಿಂದಲೇ ಅಕ್ಕೋರು ಎಂದು ಕರೆಯತೊಡಗಿದೆ. ನಮ್ಮಲ್ಲಿ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಹಾಗೆ ಅನ್ನುವುದು. ಬಸುರಿಗೆ ಏನು ಉಣಿಸಬೇಕು, ಬಾಣಂತಿಗೆ ಏನು, ಅಂಟಿನ ಉಂಡೆಗೆ ಅಂಟನ್ನು ತುಪ್ಪದಲ್ಲಿ ಎಷ್ಟು ಅರಳಿಸಬೇಕು, ಎಲ್ಲವನ್ನೂ ಎದುರಿಗೆ ಕೂತು ಹೇಳಿದಂತೆ ಬರೆಯುತ್ತಿದ್ದರು. ನಡುನಡುವೆ ಅವರ ಮನೆಯ ಬೆಕ್ಕು, ಅದಕ್ಕೆ ಬೀಳುವ ಬೈಗುಳ, ಪೇರಲಗಿಡ ಎಲ್ಲ ಬರುತ್ತಿದ್ದವು. ನಾನು ಮರುಳಾದೆ. ದಿನಾ ಬೆಳಿಗ್ಗೆ, "ಸವಿ, ಅಕ್ಕೋರು ಹೊಸಾದೇನರ ಬರದಾರೇನು ನೋಡು," ಅನ್ನುವುದೇ ಆಯಿತು. ಅದಕ್ಕೆ ಬೇಸತ್ತು ಅವಳು ಒಂದು ಉಪಾಯ ಮಾಡಿದಳು. ಬ್ಲಾಗಿನ ಮೂಲೆಯಲ್ಲಿ ಕಿತ್ತಳೆ ಬಣ್ಣದ ಒಂದು ಸಣ್ಣ ಗುರುತು ಇತ್ತು. ಅದನ್ನು ಒತ್ತಿದಳು.

"ಇನ್ನ ದಿನಾ ಅವರ ಬಾಗಲಾ ಬಡದು ಕೇಳೂದು ಬ್ಯಾಡಪ್ಪಾ. ಅವರು ಬರದ ಕೂಡ್ಲೆ ಇಲ್ಲಿ ಬಂದು ನಿಲ್ತೈತಿ."

"ಗಿರಣ್ಯಾಗ ಡಬ್ಬಿ ಪಾಳಿಗಿಟ್ಟಂಗ?"

"ಹೂಂ, ಹಂಗ. ಅಕ್ಷರ ದಪ್ಪ ಇದ್ರ ಬೀಸದ ಡಬ್ಬಿ. ನೀ ತಗದು ಓದಿದ ಮ್ಯಾಲೆ ಅಕ್ಷರ ಸಣ್ಣ ಆಗ್ತಾವ. ಅದು ಬೀಸಿದ ಡಬ್ಬಿ."

ಇದಕ್ಕೆ ಆರೆಸ್ಸೆಸ್ ಫೀಡ್ ಅನ್ನುತ್ತಾರಂತೆ. ನಾನು ಪಾಳಿ ಅಂದೆ, ಮನೆಯಲ್ಲಿ ಆ ಹೆಸರೇ ನಿಂತಿತು. ಅಕ್ಕೋರ ಜೊತೆಗೆ ಇನ್ನೂ ಐದಾರು ಮಂದಿಯನ್ನು ಸವಿತಾ ಪಾಳಿಗೆ ಹಚ್ಚಿದಳು. ಬೆಳಗಾವಿಯ ಒಬ್ಬ ಹಕ್ಕಿಗಳ ಬಗ್ಗೆ ಬರೆಯುತ್ತಿದ್ದ, ವಿಜಾಪುರದ ಇನ್ನೊಬ್ಬ ಹಳೆಯ ಬಾವಿಗಳ ಬಗ್ಗೆ. ನನ್ನ ಓದು ಹೇಗೆಂದರೆ, ಬಾಯಿ ತೆರೆದು ಗಟ್ಟಿಯಾಗಿ ಓದಿದರೆ ಮಾತ್ರ ತಲೆಗೆ ಹೋಗುವುದು. ಅದೂ ಮೆಲ್ಲಗೆ, ಒಂದೊಂದು ಅಕ್ಷರ ಹಿಡಿದು. ಮತ್ತೆ ಗಿರಣಿಯವನ ಬುದ್ಧಿ, ಪಾಳಿ ಮುರಿಯಲು ಮನಸ್ಸು ಒಪ್ಪುವುದಿಲ್ಲ. ಮೊದಲು ಬಂದದ್ದನ್ನು ಮೊದಲು ಓದಬೇಕು. ಅಕ್ಕೋರದು ಕೊನೆಗಿದ್ದರೆ ಹಕ್ಕಿ, ಬಾವಿ ಎಲ್ಲ ಮುಗಿಸಿಯೇ ಅಲ್ಲಿಗೆ ಮುಟ್ಟುವುದು. ಸವಿತಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನ್ನ ಮೊದಲ ಅಂಟಿನ ಉಂಡೆ ತಿಂದಾಗಲೂ ಹೀಗೇ ನಕ್ಕಿದ್ದಳು. "ಅಪ್ಪಾ, ಬೀಸೂಕಲ್ಲು ಸವದಿದ್ರ ಇದನ್ನ ಹಾಕು, ನಡೀತೈತಿ!"

ಕುಬಸದ, ಅಂದರೆ ಸೀಮಂತದ, ಕಾರ್ಯಕ್ಕೆ ಶಿರಗುಪ್ಪಿಯಿಂದ ನನ್ನ ಅಕ್ಕ ಗಂಗವ್ವ ಬಂದಳು, ಹೆರಿಗೆಯವರೆಗೂ ಇರುತ್ತೇನೆ ಎಂದಳು. ಹಸಿರು ಸೀರೆ, ಎರಡೂ ಕೈ ತುಂಬ ಹಸಿರು ಬಳೆ ಇಡಿಸಿ ಸವಿತಾಳನ್ನು ಕೂರಿಸಿದ್ದರು. ಆರತಿ ಮಾಡಲು ಬಂದ ಹೆಂಗಸರೆಲ್ಲ ಒಂದೇ ಮಾತು ಆಡಿದರು. "ಮುಖ ಹೆಂಗ ತುಂಬೇತಿ ನೋಡ್ರಿ! ತವರಿನ ಅನ್ನ ಹತ್ತೇತಿ." ಬಂದಿದ್ದ ಬೀಗತಿಯೂ ನನ್ನ ಕಡೆ ತಿರುಗಿ, "ಗೆದ್ರಿ ಬಿಡ್ರಿ ಅಣ್ಣಾರ," ಅಂದರು. ಬಾಗಿಲ ಹೊರಗೆ ನಿಂತು ಅದನ್ನು ಕೇಳಿ ನಾನು ಎಷ್ಟು ಹಿಗ್ಗಿದೆ ಅಂದರೆ, ಅವತ್ತು ಬೀಸಿಸಲು ಬಂದ ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳಲಿಲ್ಲ.

ಅದು ಬೇಸಿಗೆ. ಶಾವಿಗೆ, ಹಪ್ಪಳದ ಕಾಲ. ಗಿರಣಿಯ ಮುಂದೆ ಡಬ್ಬಿಗಳ ಸಾಲು ರಸ್ತೆಗೆ ಮುಟ್ಟುತ್ತಿತ್ತು. ಕೆಲವು ದಿನ ಕಂಪ್ಯೂಟರಿನ ಮುಂದೆ ಕೂರಲು ಪುರಸೊತ್ತೇ ಸಿಗಲಿಲ್ಲ. ಅಷ್ಟರಲ್ಲಿ ಸವಿತಾಗೆ ಕಾಲು ಬಾತು ಚಪ್ಪಲಿ ಏರದಂತಾದವು. "ಬಸುರಿ ಕಾಲು ಬಾಯೂದ. ನಂದೂ ಬಾತಿದ್ದು," ಎಂದಳು ಗಂಗವ್ವ. ಆಮೇಲೆ ತಲೆನೋವು ಬಂತು. ಅಷ್ಟು ಮಂದಿ ನೋಡಿದ್ದಾರೆ, ದೃಷ್ಟಿಯಾಗಿದೆ ಎಂದು ಅಕ್ಕ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಾನು ದೃಷ್ಟಿಯನ್ನು ನಂಬುವವನಲ್ಲವಲ್ಲ, ಅದಕ್ಕೆ ಪಿತ್ತ ಎಂದೆ. ಅವಳದೊಂದು ತಪ್ಪು, ನನ್ನದೊಂದು ತಪ್ಪು. ಡಾಕ್ಟರಮ್ಮನ ಹತ್ತಿರ ಹೋಗುವ ದಿನ ಇನ್ನೂ ಮುಂದಿತ್ತು, ಆಗ ಕೇಳಿದರಾಯಿತು ಎಂದು ಇಬ್ಬರೂ ಸುಮ್ಮನಾದೆವು.

ಅಮಾವಾಸ್ಯೆಯ ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತು. ನಾನು ಮೈಮೇಲಿನ ಹಿಟ್ಟು ಜಾಡಿಸಿಕೊಂಡು ಒಳಗೆ ಬಂದೆ. ಸವಿತಾ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು.

"ತಲಿ ಸಿಡ್ಯಾಕತ್ತೇತಪ್ಪಾ. ಕಣ್ಣ ಮುಂದ ಮಿಣಕ್ ಮಿಣಕ್ ಅಂತೈತಿ."

"ಎಷ್ಟು ಹೇಳಿದ್ರೂ ಕೇಳಲಿಲ್ಲ, ಬಿಸಲಾಗ ನಿಂತು ಬಟ್ಟಿ ಒಣಾಕಿದ್ಲು," ಎಂದು ಗಂಗವ್ವ ಗೊಣಗಿದಳು.

ಅಷ್ಟರಲ್ಲಿ ಕರೆಂಟು ಬಂತು. ಹೊರಗೆ ಮಂದಿ ಕಾಯುತ್ತಿದ್ದರು. ಬೇರೆ ದಿನವಾಗಿದ್ದರೆ ಓಡಿ ಹೋಗಿ ಗಿರಣಿ ಚಾಲೂ ಮಾಡುತ್ತಿದ್ದೆ. ಅವತ್ತು ಏನನಿಸಿತೋ, ತಲೆನೋವಿಗೆ ಅಕ್ಕೋರು ಏನಾದರೂ ಬರೆದಿದ್ದಾರೆಯೇ ನೋಡೋಣ ಎಂದು ಕಂಪ್ಯೂಟರ್ ಹಚ್ಚಿದೆ. ಪಾಳಿಯಲ್ಲಿ ಓದದೆ ಬಿಟ್ಟಿದ್ದು ಬಹಳ ಕೂಡಿತ್ತು, ದಪ್ಪ ಅಕ್ಷರದ ಉದ್ದ ಸಾಲು. ಎಲ್ಲಕ್ಕಿಂತ ಮೊದಲು ನಿಂತದ್ದು ಅಕ್ಕೋರದು. 'ತುಂಬಿದ ಮುಖ' ಅಂತ ತಲೆಬರಹ. ಅದು ಸಾಲಿನ ಕೊನೆಗೆ ಇದ್ದಿದ್ದರೆ, ನಾನು ಓದುವ ಓಟಕ್ಕೆ, ಅಲ್ಲಿಗೆ ಮುಟ್ಟುವಷ್ಟರಲ್ಲಿ ರಾತ್ರಿಯಾಗುತ್ತಿತ್ತು. ಇದನ್ನು ನಾನು ಮತ್ತೆ ಮತ್ತೆ ನೆನೆಸುತ್ತೇನೆ.

ನಾನು ಗಟ್ಟಿಯಾಗಿ ಓದತೊಡಗಿದೆ. ಗಂಗವ್ವ ಬಾಗಿಲಲ್ಲಿ ಕೂತು ಕೇಳುತ್ತಿದ್ದಳು. ಅಕ್ಕೋರು ಬರೆದದ್ದು ತಮ್ಮ ಸ್ವಂತ ಅಕ್ಕನ ಕತೆ. ಅವಳು ಹೆರಿಗೆಗೆಂದು ತವರಿಗೆ ಬಂದದ್ದು. ಮುಖ ತುಂಬಿಕೊಂಡು ಛಂದ ಕಾಣುತ್ತಿದ್ದಾಳೆ ಎಂದು ಮನೆಯವರೆಲ್ಲ ಹಿಗ್ಗಿದ್ದು. ಕೈಯ ಬಳೆ ಬಿಗಿಯಾದಾಗ ಹಿತ್ತಲ ಕಟ್ಟೆಯ ಮೇಲೆ ಕೂರಿಸಿ, ಸಣ್ಣ ತಂಗಿಯಿಂದ ಸಾಬೂನು ತರಿಸಿ, ನೊರೆ ಹಚ್ಚಿ ಬಳೆ ಜಾರಿಸಲು ನೋಡಿದ್ದು. ಅವು ಜಾರದಿದ್ದಾಗ ಎಲ್ಲರೂ ನಕ್ಕು, ತವರಿನ ಅನ್ನ ಹತ್ತಿದೆ ಎಂದದ್ದು. ಅಕ್ಕ ಮಾತ್ರ ತಲೆ ಹಿಡಿದುಕೊಂಡು, ಕಣ್ಣ ಮುಂದೆ ಮಿಂಚು ಹುಳ ಹಾರುತ್ತಿವೆ ಎಂದದ್ದು. ಅದೇ ರಾತ್ರಿ ಮೈ ಸೆಟೆದು, ತಾಯಿಯೂ ಉಳಿಯದೆ, ಕೂಸೂ ಉಳಿಯದೆ ಹೋದದ್ದು. ಕೊನೆಯ ಸಾಲು ನನಗೆ ಇವತ್ತಿಗೂ ಬಾಯಿಪಾಠ. "ಮಗಳ ಮುಖ ತುಂಬಿತೆಂದು ಹಿಗ್ಗುವ ಮನೆಯವರೇ, ಒಮ್ಮೆ ಅವಳ ಕೈಯ ಬಳೆ ತಿರುಗಿಸಿ ನೋಡಿರಿ."

ನಾನೂ ಗಂಗವ್ವನೂ ಒಬ್ಬರ ಮುಖ ಒಬ್ಬರು ನೋಡಿದೆವು. ಎದ್ದು ಹೋಗಿ, "ಸವಿ, ಕೈ ಕೊಡವ್ವಾ," ಅಂದೆ. ಹಸಿರು ಬಳೆಯನ್ನು ಎರಡು ಬೆರಳಿನಿಂದ ಹಿಡಿದು ತಿರುಗಿಸಿದೆ. ತಿರುಗಲಿಲ್ಲ. ಕಣಕದ ಉಂಡೆಗೆ ದಾರ ಕಟ್ಟಿ ಎಳೆದಂತೆ ಅವು ಕೈಯೊಳಗೆ ಹೂತು ಕೂತಿದ್ದವು. ಕುಬಸದ ದಿನ ಗಲಗಲ ಅಂದಿದ್ದ ಬಳೆಗಳು ಅವು.

"ಇವತ್ತು ಅಮಾಸಿ ಐತೋ ತಮ್ಮಾ," ಎಂದಳು ಗಂಗವ್ವ. ಅವಳ ದನಿಯಲ್ಲಿ ಅಷ್ಟು ಗಟ್ಟಿತನ ಇರಲಿಲ್ಲ. "ಬಸುರೀನ ಹೊರಗ ಕರಕೊಂಡ ಹೋಗಬಾರದು. ನಾಳಿ ಮುಂಜೇಲೆ ಹೋಗೂಣು."

"ಅಮಾಸಿನ್ನ ನಾ ನೋಡ್ಕೋತೇನಿ. ನೀ ಆಕೀಗೆ ಸೆರಗು ಹೊಚ್ಚಿ ಎಬ್ಬಿಸಕ್ಕಾ, ಲಗೂ!"

ಓಣಿಯ ತುದಿಗೆ ಓಡಿ ಆಟೋ ತಂದೆ. ಗಿರಣಿಯ ಮುಂದೆ ನಿಂತವರೊಬ್ಬರು, "ಕಾಕಾ, ನಮ್ಮ ಹಿಟ್ಟು?" ಅಂದರು. "ಬೀಸಿಕೊಳ್ರಿ, ಗುಂಡಿ ಅಲ್ಲೈತಿ," ಎಂದು ಕೂಗಿ ಆಟೋ ಹತ್ತಿದೆ. ಗಿರಣಿ ನಡೆಸಲು ಶುರು ಮಾಡಿದಾಗಿನಿಂದ ನಾನು ಬೇರೆಯವರಿಗೆ ಗುಂಡಿ ಮುಟ್ಟಲು ಬಿಟ್ಟದ್ದು ಅದೊಂದೇ ಸಲ.

ಡಾಕ್ಟರಮ್ಮ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದರು. ನಂಬಿಕೆಯಾಗದೆ ಮತ್ತೆ ಕಟ್ಟಿ ನೋಡಿದರು. ನರ್ಸಮ್ಮನಿಗೆ ಲಗುಬಗೆಯಿಂದ ಏನೇನೋ ಹೇಳಿ, ಆಮೇಲೆ ನನ್ನ ಕಡೆ ತಿರುಗಿದರು. "ಯಾರು ಹೇಳಿದ್ರಿ ನಿಮಗ, ಈಗ ಕರಕೊಂಡ ಬರ್ರಿ ಅಂತ? ಛಲೋ ಮಾಡಿದ್ರಿ. ರಾತ್ರಿ ತನಕಾ ಬಿಟ್ಟಿದ್ರ ಫಿಟ್ಸ್ ಬರ್ತಿತ್ತು." ಬಳೆಗಳನ್ನು ಒಂದೊಂದಾಗಿ ಒಡೆದು ತೆಗೆದರು. ಆ ಸಪ್ಪಳ ಕೇಳಲಾರದೆ ನಾನು ಹೊರಗೆ ಹೋಗಿ ಗೋಡೆ ಹಿಡಿದು ನಿಂತೆ.

ಗದಗಿನಿಂದ ಬಸವರಾಜ ಬಂದು ಮುಟ್ಟುವುದರೊಳಗೆ ಆಪರೇಶನ್ ಮಾಡಿ ಕೂಸನ್ನು ತೆಗೆದಿದ್ದರು. ಹೆಣ್ಣುಕೂಸು. ತಾಯಿ ಮಗಳು ಇಬ್ಬರೂ ಪಾರು. ನರ್ಸಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಾಗ ಹೇಗಿತ್ತು ಗೊತ್ತೇ? ಈಗಷ್ಟೇ ಬೀಸಿದ ಹಿಟ್ಟನ್ನು ಸಣ್ಣ ಚೀಲಕ್ಕೆ ತುಂಬಿ ಕೊಟ್ಟರೆ ಅಂಗೈಗೆ ಒಂದು ಬಿಸಿ ತಾಗುತ್ತದೆ ನೋಡಿ, ಹಾಗೆ. ನಾನು ಆ ದವಾಖಾನೆಯಲ್ಲಿ ಪರಿಚಯದವರು, ಪರಿಚಯ ಇಲ್ಲದವರು, ಕಾಲು ಮುರಿದವರು, ಎಲ್ಲರ ಬಾಯಿಗೂ ಸಕ್ಕರೆ ಹಾಕಿದೆ. "ನಾ ಅಜ್ಜ ಆದ್ನಿ, ನಾ ಅಜ್ಜ ಆದ್ನಿ" ಎಂದು ಹೇಳುತ್ತ ತಿರುಗಿದೆನಂತೆ. ಗಂಗವ್ವ ಈಗಲೂ ಅದನ್ನು ಮಾಡಿ ತೋರಿಸಿ ನನ್ನನ್ನು ಕಾಡುತ್ತಾಳೆ.

ಮುಂದಿನದು ವಿಚಿತ್ರ. ಮಗಳಿಗೆ ಆರಾಮಾದಮೇಲೆ ಬಸವರಾಜನನ್ನು ಮನೆಗೆ ಕರೆದುಕೊಂಡು ಬಂದು, "ನೋಡು, ಇದರಿಂದ ನಮ್ಮ ಸವಿ ಉಳಿದಳು," ಎಂದು ಕಂಪ್ಯೂಟರ್ ತೆಗೆದೆ. ಪಾಳಿಯಲ್ಲಿ 'ತುಂಬಿದ ಮುಖ' ಇರಲಿಲ್ಲ. ಹಕ್ಕಿ ಇತ್ತು, ಬಾವಿ ಇತ್ತು, ಅಕ್ಕೋರ ಹಳೆಯವೆಲ್ಲ ಇದ್ದವು. ಬಸವರಾಜ ಬ್ಲಾಗಿಗೇ ಹೋಗಿ ನೋಡಿದ, ಅಲ್ಲಿಯೂ ಇರಲಿಲ್ಲ.

"ಬರದು ಆಮ್ಯಾಲೆ ತಗದಿರಬೇಕು," ಅಂದೆ.

"ಅವರು ಅಲ್ಲಿ ತಗದ್ರೂ ಒಮ್ಮೆ ನಿಮ್ಮ ಪಾಳಿಗೆ ಬಂದದ್ದು ಇಲ್ಲೇ ಉಳೀತೈತ್ರಿ ಮಾವಾರ. ನೀವು ಏನರ ಒತ್ತಿ ಅಳಿಸಿದ್ರ ಕಸದ ಬುಟ್ಟ್ಯಾಗ ಇರ್ತೈತಿ." ಅಲ್ಲಿಯೂ ಹುಡುಕಿದ. ಇರಲಿಲ್ಲ. ಮೆಲ್ಲಗೆ, ನನಗೆ ನೋವಾಗದಂತೆ, "ಎಲ್ಲೆರ ಬ್ಯಾರೇದರಾಗ ಓದೀರೇನು? ಗಾಬ್ರ್ಯಾಗ ಹಂಗ ಆಗ್ತೈತಿ," ಎಂದ.

"ನಾ ಕೇಳೇನಲ್ಲೋ!" ಎಂದು ಗಂಗವ್ವ ಅಡುಗೆಮನೆಯಿಂದಲೇ ಕೂಗಿದಳು. "ನನಗ ಓದಾಕ ಬರೂದಿಲ್ಲ, ಕಿವಿ ಅರ ಅದಾವಿಲ್ಲೋ?"

ಕೂಸಿಗೆ ಕೆಲವು ತಿಂಗಳಾದಮೇಲೆ ಸವಿತಾ ಅಕ್ಕೋರ ಬ್ಲಾಗಿನ ಕೆಳಗೆ ನಾಲ್ಕು ಸಾಲು ಬರೆದು, ನಾವು ಭೇಟಿಗೆ ಬರಬಹುದೇ ಎಂದು ಕೇಳಿದಳು. ಅವರು ವಿಳಾಸ ಕೊಟ್ಟು ಬರಹೇಳಿದರು. ಅಂಟಿನ ಉಂಡೆ ಕಟ್ಟಿಕೊಂಡು, ಮಗಳನ್ನೂ ಗೌರಿಯನ್ನೂ ಕರೆದುಕೊಂಡು ಧಾರವಾಡಕ್ಕೆ ಹೋದೆ. ಪೇರಲಗಿಡ ಇದ್ದ ಅಂಗಳ, ಬೈಸಿಕೊಳ್ಳುವ ಬೆಕ್ಕು, ಎಲ್ಲ ಓದಿದ ಹಾಗೆಯೇ ಇದ್ದವು. ಅಕ್ಕೋರು ತೆಳ್ಳಗಿನ ಹಿರಿಯ ಜೀವ. ಉಂಡೆ ಮುರಿದು ಬಾಯಿಗೆ ಹಾಕಿಕೊಂಡು, "ಭಾಳ ಛಲೋ ಆಗ್ಯಾವಲ್ರಿ," ಅಂದರು. ನನ್ನ ಕಣ್ಣಲ್ಲಿ ನೀರು ಬಂತು.

"ಅಕ್ಕೋರ, ನೀವು ಬರದದ್ದಕ್ಕ ಈ ಎರಡೂ ಜೀವ ಇಲ್ಲಿ ಕುಂತಾವ್ರಿ."

"ಏನು ಬರದಿದ್ದೆ ನಾ? ಸಬ್ಬಸಗಿ ಪಲ್ಯಾನ ಏನು?" ಎಂದು ನಕ್ಕರು.

"ಅಲ್ರಿ. 'ತುಂಬಿದ ಮುಖ'. ಆ ಬಳಿ ಬಿಗಿ ಆಗಿದ್ದು."

ಅವರ ನಗು ಅಲ್ಲೇ ನಿಂತಿತು. "ಯಾವ ಬಳಿ?"

ಓದಿದ್ದನ್ನೆಲ್ಲ ಹೇಳಿದೆ. ಹಿತ್ತಲ ಕಟ್ಟೆ, ಸಾಬೂನಿನ ನೊರೆ, ಮನೆಯವರ ನಗು, ಮಿಂಚು ಹುಳ. ಅವರು ಕೈಯಲ್ಲಿದ್ದ ಉಂಡೆಯನ್ನು ತಟ್ಟೆಯಲ್ಲಿಟ್ಟರು. ಗೌರಿ ಅವರ ಸೆರಗು ಹಿಡಿದು ಜಗ್ಗುತ್ತಿದ್ದಳು, ಅದೂ ಅವರ ಗಮನಕ್ಕೆ ಬರಲಿಲ್ಲ.

"ನಾ ಇದನ್ನ ಬರದಿಲ್ರಿ," ಅಂದರು ಕಡೆಗೆ. "ಎಂದೂ ಬರದಿಲ್ಲ. ಬರೀಬೇಕಂತ ಎಷ್ಟೋ ಸಲ ಕೂತೇನಿ, ಕೈ ಓಡಿಲ್ಲ. ಆ ಸಾಬೂನ ತಂದ ಸಣ್ಣಾಕಿ ನಾನ. ಆಕಿ ನಮ್ಮ ಶಾಂತಕ್ಕ. ಎಲ್ಲಾರೂ ಅಕ್ಕ ಛಂದ ಕಾಣ್ಲಿಕ್ಕತ್ತಾಳ ಅಂದ್ರು, ನಾನೂ ಅಂದೆ. ನಮ್ಮ ಯಜಮಾನರಿಗೂ ಬಳಿ ಮಾತು ಹೇಳಿಲ್ಲ ನಾ. ನಿಮಗ ಯಾರು ಹೇಳಿದ್ರು?"

"ನಿಮ್ಮ ಬ್ಲಾಗಿನಾಗ ಓದೇನ್ರಿ, ಅಷ್ಟ," ಅಂದೆ. ಸವಿತಾ ನನ್ನ ಮುಖ ನೋಡಿದಳು. ಹೊರಗೆ ಪೇರಲಗಿಡದಲ್ಲಿ ಗಿಳಿಗಳ ಗದ್ದಲ. ಅಕ್ಕೋರು ಕೇಳಿದರು.

"ಕಡೀ ಸಾಲು ಏನಿತ್ರಿ?"

ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಗೌರಿಯನ್ನು ಎತ್ತಿಕೊಂಡು, ಅವಳ ಸಣ್ಣ ಕೈಯ ಕರಿಬಳೆಯನ್ನು ಬೆರಳ ತುದಿಯಿಂದ ಸುತ್ತಲೂ ತಿರುಗಿಸಿದರು. "ಇನ್ನ ಬರೀತೇನ್ರಿ," ಅಂದರು.

ಅವರು ಬರೆಯುವಷ್ಟರಲ್ಲಿ ಮತ್ತೆ ಬೇಸಿಗೆ ಬಂದಿತ್ತು. ಸವಿತಾ, ಗೌರಿ ಗದಗಿಗೆ ಹೋಗಿದ್ದರು. ಶಾವಿಗೆಯ ಗೋದಿ ಬೀಸಿಕೊಂಡು ಹೋಗಲು ಗಂಗವ್ವ ಬಂದಿದ್ದಳು. ಒಂದು ಬೆಳಿಗ್ಗೆ ಗಿರಣಿ ತೆರೆಯುವ ಮೊದಲು ಕಂಪ್ಯೂಟರ್ ಹಚ್ಚಿದೆ. ಪಾಳಿಯಲ್ಲಿ ಹೊಸದಾಗಿ ಬಂದವೆಲ್ಲ ದಪ್ಪ ಅಕ್ಷರದಲ್ಲಿ ನಿಂತಿದ್ದವು. ನಡುವೆ ಒಂದು ಮಾತ್ರ ಸಣ್ಣ ಅಕ್ಷರದಲ್ಲಿತ್ತು. 'ತುಂಬಿದ ಮುಖ'. ಅಕ್ಕೋರು ಅವತ್ತೇ ಬೆಳಿಗ್ಗೆ ಹಾಕಿದ್ದು. ಬೀಸಿದ ಡಬ್ಬಿಯಾಗಿಯೇ, ಆಗಲೇ ಓದಿದ್ದಾಗಿಯೇ, ಅದು ಪಾಳಿಗೆ ಬಂದಿತ್ತು.

ಗದಗಿಗೆ ಫೋನ್ ಮಾಡಿದೆ. "ನಾವ್ಯಾರೂ ಅದನ್ನ ತಗದು ಓದಿಲ್ರಿ ಮಾವಾರ," ಎಂದ ಬಸವರಾಜ. "ನಿಮ್ಮ ಪಾಳಿ ನಿಮ್ಮ ಕಂಪ್ಯೂಟರಿನಾಗ ಅಷ್ಟ ಐತಿ, ಇಲ್ಲಿಂದ ತಗ್ಯಾಕ ಬರೂದಿಲ್ಲ. ಒಮ್ಮೊಮ್ಮೆ ಮಷೀನ ಹಂಗ ಮಾಡ್ತಾವ ಬಿಡ್ರಿ."

"ಹಂಗಾರ ಗ್ರೀಸ್ ಹಾಕ್ಲೇನಪಾ?" ಅಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ತಲೆಬರಹ, ಕೊನೆಯ ಸಾಲು ಅದೇ ಇದ್ದವು. ಅದಕ್ಕೆ ನಾನು ಆಶ್ಚರ್ಯಪಡುವುದಿಲ್ಲ, ಅವೆರಡನ್ನೂ ನಾನೇ ಅವರಿಗೆ ಹೇಳಿದ್ದೆನಲ್ಲ. ನಡುವಿನ ಮಾತುಗಳು ಹಿಂದೆ ಓದಿದ್ದವೇ ಹೌದೋ ಅಲ್ಲವೋ ಎಂದು ಆಣೆ ಇಟ್ಟು ಹೇಳಲಾರೆ, ಅಷ್ಟು ನೆನಪು ನನಗಿಲ್ಲ. ಆದರೂ ಅದನ್ನು ತೆಗೆದು ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದೆ. ಬಾಗಿಲಲ್ಲಿ ಕೂತು ಗೋದಿ ಹಸನು ಮಾಡುತ್ತಿದ್ದ ಗಂಗವ್ವ ಸ್ವಲ್ಪ ಕೇಳಿದಳು. ಫೋನಿನ ಮಾತು ಅವಳಿಗೆ ಗೊತ್ತಿರಲಿಲ್ಲ, ಹೊಸದು ಬಂದಿದೆ ಎಂದು ನಾನು ಹೇಳಿಯೂ ಇರಲಿಲ್ಲ. ಮೊರದಿಂದ ತಲೆ ಎತ್ತದೆ ಹೇಳಿದಳು.

"ಹ್ವಾದ ವರ್ಷ ಅಮಾಸಿ ದಿನ ಇದ್ನ ಓದಿದ್ದೆಲ್ಲೋ ತಮ್ಮಾ. ಅಕ್ಷರ ಅಕ್ಷರ ಅದ. ಮತ್ಯಾಕ ಓದ್ತೀ?"

ನನಗೆ ಇವತ್ತಿಗೂ ಇದು ತಿಳಿದಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಗೌರಿ ಆಟ ಮುಗಿಸಿ ಒಳಗೆ ಬಂದಳು. ನೀರು ಕುಡಿಯಲು ಕೈ ಎತ್ತಿದಾಗ ಬಳೆಗಳು ಮೊಣಕೈಯವರೆಗೆ ಜಾರಿ, ಕೈ ಇಳಿಸಿದಾಗ ಗಲಗಲ ಎಂದು ತಿರುಗಿ ಬಂದವು.